ಏಟು ತಗುಲಿತೇ ಇಲ್ಲವೇ ಎಂದು ನಿರ್ಧರಿಸುವುದು ಬೆರಳೋ, ದಾಳವೋ? ಆಕ್ಷನ್ ಆರ್‌ಪಿಜಿ ಕುರಿತು ಒಂದು ಪ್ರಶ್ನೆ

ತೋಟದಮನೆ_ಶಿರಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದ ಆರಂಭದಿಂದ ನಮ್ಮ ಮನೆಯಲ್ಲಿ ನಡೆದಿರುವ ಒಂದು ವಾದಕ್ಕೆ ಬಲ್ಲವರಿಂದ ಉತ್ತರ ಬೇಕಾಗಿದೆ. ನಾನು ಕಾಲೇಜಿನಲ್ಲಿದ್ದಾಗ, ಅಂದರೆ 2004ರ ಸುಮಾರಿಗೆ, ಶಿರಸಿ ಪೇಟೆಯ ಒಂದು ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ‘ಡಯಾಬ್ಲೋ 2’ ಎಂಬ ಕಂಪ್ಯೂಟರ್ ಆಟ ಆಡುತ್ತಿದ್ದೆ. ರಾಕ್ಷಸರ ಮೇಲೆ ಮೌಸ್ ಒತ್ತುವುದು, ಅವರು ಸತ್ತಾಗ ಬಿದ್ದದ್ದನ್ನು ಹೆಕ್ಕುವುದು, ಚೀಲದ 40 ಚೌಕಗಳಲ್ಲಿ ಯಾವುದನ್ನು ಎಲ್ಲಿ ತುರುಕುವುದೆಂದು ತಲೆ ಕೆರೆದುಕೊಳ್ಳುವುದು, ಇಷ್ಟಾಗುವಷ್ಟರಲ್ಲಿ ಕೆಫೆಯವರು ಟೈಮ್ ಆಯಿತೆಂದು ಎಬ್ಬಿಸುತ್ತಿದ್ದರು. ಆಮೇಲೆ ತೋಟ, ಮನೆ, ಸಂಸಾರ ಎಂದು ಇಪ್ಪತ್ತು ವರ್ಷ ಯಾವ ಆಟವನ್ನೂ ಮುಟ್ಟಿರಲಿಲ್ಲ.

ಈಗ ಅಣ್ಣನ ಮಗ ಬೆಂಗಳೂರಿನಿಂದ ಬಂದು ಊರಿನಲ್ಲಿ ಕುಳಿತೇ ಕಂಪನಿಯ ಕೆಲಸ ಮಾಡುತ್ತಿದ್ದಾನೆ. ಮಳೆ ಬಿಡದೆ, ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಬಾರದಿದ್ದ ಒಂದು ದಿನ ಅವನು ತನ್ನ ಕಂಪ್ಯೂಟರಿನಲ್ಲಿ ‘ಎಲ್ಡನ್ ರಿಂಗ್’ ಹಾಕಿಕೊಟ್ಟು, ‘ಇದೂ ನಿಮ್ಮ ಡಯಾಬ್ಲೋದಂತೆ ಆಕ್ಷನ್ ಆರ್‌ಪಿಜಿಯೇ, ಆಡಿ’ ಎಂದ. ಆರ್‌ಪಿಜಿ ಎಂದರೆ ರೋಲ್ ಪ್ಲೇಯಿಂಗ್ ಗೇಮ್, ಒಂದು ಪಾತ್ರ ವಹಿಸಿ ಅದರ ಬಲ ಬೆಳೆಸುತ್ತ ಆಡುವ ಆಟವಂತೆ; ಆಕ್ಷನ್ ಎಂದರೆ ಹೊಡೆದಾಟ ಸರದಿಗೆ ಕಾಯದೆ ನಡೆಯುವುದಂತೆ. ಗವಿಯಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದಿದ್ದೆನಷ್ಟೆ, ಚಿನ್ನದ ಕವಚ ತೊಟ್ಟ ಒಬ್ಬ ಕುದುರೆ ಸವಾರ ಎದುರಾದ. ಅವನ ಕೈಯಲ್ಲಿ ಹನ್ನೊಂದು ಬಾರಿ ಸತ್ತೆ. ಊಟಕ್ಕೆ ಕರೆದಾಗ ನಿಲ್ಲಿಸೋಣವೆಂದು ಮೆನು ತೆರೆದರೆ, ಮೆನುವಿನ ಹಿಂದೆ ಆಟ ನಡೆಯುತ್ತಲೇ ಇತ್ತು, ಹನ್ನೆರಡನೆಯ ಸಾವು ಹಾಗೆ ಬಂತು. ಹುಡುಗ ಹಿಂದೆ ನಿಂತು, ‘ಚಿಕ್ಕಪ್ಪ, ನೀವು ಬಟನ್ ಮಾತ್ರ ಒತ್ತುತ್ತೀರಿ, ಅವನನ್ನು ನೋಡುವುದೇ ಇಲ್ಲ’ ಎಂದು ನಗುತ್ತಾನೆ.

ಒಂದರಲ್ಲಿ ಮೌಸ್ ಒತ್ತಿದರೆ ಸಾಕು, ಇನ್ನೊಂದರಲ್ಲಿ ಎದುರಾಳಿಯ ಹೆಗಲು ಅಲುಗಾಡಿದ್ದನ್ನೂ ಗಮನಿಸಬೇಕು. ಹೀಗಿರುವಾಗ ಎರಡಕ್ಕೂ ಒಂದೇ ಹೆಸರು ಹೇಗೆ ಬಂತು? ಇವು ಒಂದೇ ಬೇರಿನಿಂದ ಬಂದವೇ, ಅಥವಾ ಅಂಗಡಿಯವರು ಅಂಟಿಸಿದ ಚೀಟಿ ಮಾತ್ರವೇ?

ಕೋಡಿಬಾಗ_ಕಾರವಾರ (ಉತ್ತರ)

ಬೇರು ಒಂದೇ. ಆದರೆ ಅದನ್ನು ಕಾಣಬೇಕಾದರೆ ಕಂಪ್ಯೂಟರನ್ನು ಬಿಟ್ಟು ಕಾಗದ ಮತ್ತು ದಾಳದವರೆಗೆ ಹಿಂದಕ್ಕೆ ಹೋಗಬೇಕು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು ಆಡುವ ಆ ಆಟದಲ್ಲಿ ವೀರನ ಬಲ, ಚುರುಕು, ಆಯುಷ್ಯ ಎಲ್ಲವೂ ಕಾಗದದ ಮೇಲಿನ ಅಂಕಿಗಳು, ಕತ್ತಿ ತಗುಲಿತೇ ಎಂಬುದನ್ನು ಇಪ್ಪತ್ತು ಮುಖಗಳ ದಾಳ ಹೇಳುತ್ತದೆ. ಆಡುವವನ ತೋಳಿನಲ್ಲಿ ಬಲವಿದೆಯೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ: ಇದು ತಾಳಮದ್ದಳೆ, ಅಂದರೆ ಕುಳಿತು ನಡೆಸುವ ಯಕ್ಷಗಾನ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತಲ್ಲೇ ಒಬ್ಬರ ನಂತರ ಒಬ್ಬರು ಮಾತಾಡುತ್ತಾರೆ, ಕರ್ಣಾರ್ಜುನರ ಕಾಳಗವೂ ಮಾತಿನಲ್ಲೇ ನಡೆಯುತ್ತದೆ. 1981ರ ‘ವಿಝಾರ್ಡ್ರಿ’ಯಂತಹ ಆರಂಭದ ಕಂಪ್ಯೂಟರ್ ಆರ್‌ಪಿಜಿಗಳು ಈ ಪದ್ಧತಿಯನ್ನು ಹಾಗೆಯೇ ಎತ್ತಿಕೊಂಡವು. ನೀವು ಆಜ್ಞೆ ಆರಿಸಿ ಕೈಕಟ್ಟಿ ಕುಳಿತರೆ ಯಂತ್ರವೇ ದಾಳ ಉರುಳಿಸಿ ಫಲ ತಿಳಿಸುತ್ತಿತ್ತು.

ಈ ಆಟಗಳು ವೇಷ ಕಟ್ಟಿ ರಂಗಕ್ಕಿಳಿದದ್ದು 1984ರಲ್ಲಿ, ಜಪಾನಿನಲ್ಲಿ. ಆ ಒಂದೇ ವರ್ಷ ನಾಮ್ಕೋ ಕಂಪನಿಯ ‘ದ ಟವರ್ ಆಫ್ ಡ್ರುಆಗಾ’, ನಿಹಾನ್ ಫಾಲ್ಕಮ್‌ನ ‘ಡ್ರ್ಯಾಗನ್ ಸ್ಲೇಯರ್’, ಟಿ ಅಂಡ್ ಇ ಸಾಫ್ಟ್‌ನ ‘ಹೈಡ್‌ಲೈಡ್’ ಮೂರೂ ಬಂದವು. ಇವುಗಳಲ್ಲಿ ಸರದಿಗಾಗಿ ಕಾಯುವ ಮಾತಿಲ್ಲ, ನೀವು ನಿಂತರೂ ಶತ್ರು ನಿಲ್ಲುವುದಿಲ್ಲ. ಹೈಡ್‌ಲೈಡ್‌ನಲ್ಲಿ ಕತ್ತಿ ಬೀಸುವ ಪ್ರತ್ಯೇಕ ಚಲನೆಯೇ ಇರಲಿಲ್ಲ, ಆಕ್ರಮಣದ ಸ್ಥಿತಿಯಲ್ಲಿ ಹೋಗಿ ಶತ್ರುವಿಗೆ ಡಿಕ್ಕಿ ಹೊಡೆಯಬೇಕಿತ್ತು. 1987ರ ‘ಈಸ್’ ಇದೇ ಡಿಕ್ಕಿಯನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿತು. ಎದುರಾಎದುರು ನುಗ್ಗಿದರೆ ನಿಮಗೂ ಪೆಟ್ಟು, ಅರ್ಧ ಮೈ ಪಕ್ಕಕ್ಕೆ ಸರಿದು ಅಂಚಿನಿಂದ ತಾಗಿದರೆ ಪೆಟ್ಟು ಅವನಿಗೆ ಮಾತ್ರ. ಕೇಳಲು ಬಾಲಿಶವೆನಿಸಬಹುದು, ಆದರೆ ‘ಎಲ್ಲಿ ನಿಂತಿದ್ದೇನೆ’ ಎಂಬುದು ‘ನನ್ನ ಅಂಕಿ ಎಷ್ಟು’ ಎಂಬುದರಷ್ಟೇ ಮುಖ್ಯವಾದದ್ದು ಇಲ್ಲಿಂದ ಎಂಬುದು ನನ್ನ ಅಭಿಪ್ರಾಯ. ಅದೇ ವರ್ಷ ಪಶ್ಚಿಮದಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಬಂದ ‘ಡಂಜನ್ ಮಾಸ್ಟರ್’ ಬೇರೆ ದಾರಿ ಹಿಡಿಯಿತು: ನಡೆಯುವುದು ಚೌಕದಿಂದ ಚೌಕಕ್ಕೆ, ಆದರೆ ಗಡಿಯಾರ ಮಾತ್ರ ನಿಲ್ಲುವುದಿಲ್ಲ, ನೀವು ಚೀಲದಲ್ಲಿ ರೊಟ್ಟಿ ಹುಡುಕುತ್ತಿದ್ದಾಗಲೂ ರಾಕ್ಷಸ ಬಂದು ಬಡಿಯುತ್ತಾನೆ. ಊಟದ ಹೊತ್ತಿಗೆ ನಿಮಗಾದ ಗತಿಗೆ ಅಷ್ಟು ಹಳೆಯ ಪರಂಪರೆಯಿದೆ.

ಇನ್ನು ನಿಮ್ಮ ಡಯಾಬ್ಲೋ. ಅದರ ಮೊದಲ ಆಟ 1996ರ ಕೊನೆಯಲ್ಲಿ ಬಂತು. ಅದನ್ನು ಮೊದಲು ರೂಪಿಸಿದ್ದು ಸರದಿಯ ಆಟವಾಗಿಯೇ, ನೀವೊಂದು ಹೆಜ್ಜೆಯಿಟ್ಟರೆ ರಾಕ್ಷಸನೊಂದು ಹೆಜ್ಜೆಯಿಡುವಂತೆ. ಹಣ ಹಾಕಿದ್ದ ಬ್ಲಿಝಾರ್ಡ್ ಕಂಪನಿಯವರು ಸರದಿಯನ್ನು ತೆಗೆದುಹಾಕಿ ಎಂದು ಒತ್ತಾಯಿಸಿದರು. ಮುಖ್ಯ ಪ್ರೋಗ್ರಾಮರ್ ಡೇವಿಡ್ ಬ್ರೆವಿಕ್ ಒಪ್ಪಲಿಲ್ಲ, ಕೊನೆಗೆ ತಂಡದಲ್ಲಿ ಮತಕ್ಕೆ ಹಾಕಿ ಸೋತರು. ತಿಂಗಳುಗಳ ಕೆಲಸವೆಂದು ಹೇಳಿದ್ದ ಆ ಬದಲಾವಣೆ ಒಂದು ಮಧ್ಯಾಹ್ನದಲ್ಲೇ ಮುಗಿಯಿತೆಂದೂ, ಅಸ್ಥಿಪಂಜರದ ಮೇಲೆ ಮೌಸ್ ಒತ್ತಿದಾಗ ವೀರ ತಾನೇ ನಡೆದುಹೋಗಿ ಅದನ್ನು ಒಡೆದು ಕೆಡವಿದ ಆ ಕ್ಷಣದಲ್ಲೇ ಮುಂದಿನದೆಲ್ಲ ಹೊಳೆಯಿತೆಂದೂ ಅವರು ಮುಂದೆ ಉಪನ್ಯಾಸವೊಂದರಲ್ಲಿ ಹೇಳಿಕೊಂಡಿದ್ದಾರೆ. ಸರದಿ ಹೋಯಿತು, ದಾಳ ಉಳಿಯಿತು. ನೀವು ಸೈಬರ್ ಕೆಫೆಯಲ್ಲಿ ಆಡಿದ್ದು ಅದನ್ನೇ.

ಅಘನಾಶಿನಿ_ಕುಮಟಾ (ಉತ್ತರ)

ಕೋಡಿಬಾಗದವರ ಕೊನೆಯ ಮಾತನ್ನೇ ಹಿಡಿದು ಮುಂದುವರಿಯುತ್ತೇನೆ, ಏಕೆಂದರೆ ಪ್ರಶ್ನೆ ಕೇಳಿದವರ ಹನ್ನೆರಡು ಸಾವಿನ ಕಾರಣ ಅಲ್ಲಿಯೇ ಇದೆ.

ಡಯಾಬ್ಲೋ 2ರಲ್ಲಿ ನೀವು ರಾಕ್ಷಸನ ಮೇಲೆ ಮೌಸ್ ಒತ್ತಿದಾಗ ಪರದೆಯ ಹಿಂದೆ ಒಂದು ಲೆಕ್ಕ ನಡೆಯುತ್ತದೆ. ನಿಮ್ಮ ದಾಳಿಯ ಅಂಕವನ್ನು, ಆ ಅಂಕ ಮತ್ತು ಅವನ ರಕ್ಷಣೆಯ ಅಂಕ ಎರಡೂ ಸೇರಿದ ಮೊತ್ತದಿಂದ ಭಾಗಿಸುತ್ತಾರೆ, ನಿಮ್ಮ ಲೆವೆಲನ್ನು, ಅಂದರೆ ಪಾತ್ರ ಬೆಳೆದ ಮಟ್ಟವನ್ನು, ಇಬ್ಬರ ಲೆವೆಲುಗಳ ಮೊತ್ತದಿಂದ ಭಾಗಿಸುತ್ತಾರೆ, ಎರಡನ್ನೂ ಗುಣಿಸಿ, ಮತ್ತೆ 200ರಿಂದ ಗುಣಿಸಿದರೆ ಏಟು ತಗುಲುವ ಶೇಕಡಾವಾರು ಸಿಗುತ್ತದೆ. ಇಬ್ಬರ ಅಂಕವೂ ಲೆವೆಲೂ ಸಮವಾಗಿದ್ದರೆ 100ಕ್ಕೆ 50. ನಿಮ್ಮ ದಾಳಿಯ ಅಂಕ ಅವನ ರಕ್ಷಣೆಯ ಎರಡರಷ್ಟಾದರೂ ಸುಮಾರು 67 ಮಾತ್ರ. ಎಷ್ಟೇ ಬಲಿಷ್ಠರಾದರೂ 95 ದಾಟುವುದಿಲ್ಲ, ಎಷ್ಟೇ ದುರ್ಬಲರಾದರೂ 5ಕ್ಕಿಂತ ಕೆಳಗಿಳಿಯುವುದಿಲ್ಲ. ಕತ್ತಿ ರಾಕ್ಷಸನ ಮೈಯ ಮೇಲೆ ಬಿದ್ದಂತೆ ಕಂಡರೂ ಏನೂ ಆಗದಿದ್ದ ಸಂದರ್ಭಗಳು ನಿಮಗೆ ನೆನಪಿರಬಹುದು, ಅದು ಕೆಫೆಯ ಮೌಸಿನ ದೋಷವಲ್ಲ.

ಪಾತ್ರದ ಕಣ್ಣಿನಿಂದಲೇ ಜಗತ್ತನ್ನು ಕಾಣುವ ಆಟಗಳಲ್ಲಿ ಈ ಗುಪ್ತ ದಾಳ ಬಹಳ ಮುಜುಗರ ತಂದಿತು. 2002ರ ‘ಮಾರೋವಿಂಡ್’ನಲ್ಲಿ ಕಾಲಬುಡದ ಇಲಿಗೆ ಕತ್ತಿಯಿಂದ ನಾಲ್ಕು ಬಾರಿ ಹೊಡೆದರೂ ಪಾತ್ರದ ಕತ್ತಿವಿದ್ಯೆ ಕಡಿಮೆಯಿದ್ದರೆ ಒಂದೂ ತಗುಲುವುದಿಲ್ಲ. ಕಣ್ಣು ಒಂದು ಹೇಳುತ್ತದೆ, ಅಂಕಿ ಇನ್ನೊಂದು. ಅದೇ ಸರಣಿಯ 2006ರ ‘ಒಬ್ಲಿವಿಯನ್’ನಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು: ಕತ್ತಿ ತಾಗಿದರೆ ತಾಗಿದಂತೆಯೇ ಲೆಕ್ಕ, ಪಾತ್ರದ ವಿದ್ಯೆ ಪೆಟ್ಟಿನ ತೂಕವನ್ನು ಮಾತ್ರ ನಿರ್ಧರಿಸುತ್ತದೆ. 2012ರ ಡಯಾಬ್ಲೋ 3 ಕೂಡ ವೀರನ ಏಟು ತಪ್ಪುವ ಲೆಕ್ಕವನ್ನು ತೆಗೆದುಹಾಕಿತು. ಇಡೀ ಪ್ರಕಾರದ ಚರಿತ್ರೆಯನ್ನು ನಾನು ಹೀಗೆಯೇ ಓದುತ್ತೇನೆ: ಏಟು ತಗುಲಿತೇ ಎಂಬ ತೀರ್ಮಾನ ವರ್ಷ ಕಳೆದಂತೆ ದಾಳದ ಕೈಯಿಂದ ಬೆರಳಿಗೆ ದಾಟಿದೆ, ಎಷ್ಟು ಜೋರಾಗಿ ತಗುಲಿತು ಎಂಬುದು ಮಾತ್ರ ಇಂದಿಗೂ ಅಂಕಿಗಳ ಬಳಿಯೇ ಇದೆ.

ನಿಮ್ಮ ಚಿನ್ನದ ಸವಾರ ಇರುವುದು ಈ ದಾರಿಯ ತುದಿಯಲ್ಲಿ. 1994ರಲ್ಲಿ ‘ಕಿಂಗ್ಸ್ ಫೀಲ್ಡ್’ ಮಾಡಿದ್ದ ಫ್ರಮ್‌ಸಾಫ್ಟ್‌ವೇರ್ ಕಂಪನಿ, ಹಿಡೆಟಾಕಾ ಮಿಯಾಝಾಕಿಯವರ ನಿರ್ದೇಶನದಲ್ಲಿ 2009ರ ‘ಡೀಮನ್ಸ್ ಸೋಲ್ಸ್’, 2011ರ ‘ಡಾರ್ಕ್ ಸೋಲ್ಸ್’, 2022ರ ಎಲ್ಡನ್ ರಿಂಗ್‌ಗಳನ್ನು ತಂದಿತು. ಇವುಗಳಲ್ಲಿ ಪ್ರತಿ ಏಟಿಗೂ ಮೂರು ಘಟ್ಟಗಳಿವೆ: ಆಯುಧ ಎತ್ತುವುದು, ಅದು ತಗುಲಬಲ್ಲ ಕ್ಷಣ, ಮತ್ತೆ ಸ್ವಸ್ಥಾನಕ್ಕೆ ಮರಳುವುದು. ಬಟನ್ ಒತ್ತಿದ ಮೇಲೆ ಸಾಮಾನ್ಯವಾಗಿ ಮೂರನ್ನೂ ಮುಗಿಸಲೇಬೇಕು. ಯಕ್ಷಗಾನದ ರಂಗದಲ್ಲಿ ಮಂಡಿ ತಿರುಗಲು ತೊಡಗಿದ ವೇಷಧಾರಿ ನಡುವೆ ಎದ್ದು ನಿಲ್ಲಲಾರನಲ್ಲ, ಹಾಗೆ. ಮೌಸನ್ನು ಎಡೆಬಿಡದೆ ಒತ್ತಿದ ನಿಮ್ಮ ಹಳೆಯ ಬೆರಳು ಇಲ್ಲಿ ಮೊದಲ ಏಟು ಮುಗಿಯುವ ಮೊದಲೇ ಎರಡನೆಯದನ್ನು ಸಾಲಿನಲ್ಲಿ ನಿಲ್ಲಿಸಿರುತ್ತದೆ, ಸವಾರ ಈಟಿ ಬೀಸುವಾಗ ನೀವು ಬೇಡದ ಆ ಎರಡನೆಯ ಏಟಿನ ನಡುವೆ ಸಿಕ್ಕಿಕೊಂಡಿರುತ್ತೀರಿ. ಹುಡುಗ ಹೇಳಿದ್ದು ಇದನ್ನೇ.

ಉರುಳಿ ತಪ್ಪಿಸಿಕೊಳ್ಳುವುದಕ್ಕೂ ಲೆಕ್ಕವಿದೆ. ಆಟ ಸೆಕೆಂಡಿಗೆ 60 ಚಿತ್ರಗಳಂತೆ ಓಡಿದರೆ ಒಂದೊಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ಇರುತ್ತದೆ. ಉರುಳುವಿಕೆಯ ಆರಂಭದ ಕೆಲವು ಚಿತ್ರಗಳಲ್ಲಿ ಮಾತ್ರ ನಿಮಗೆ ಯಾವ ಪೆಟ್ಟೂ ತಾಗದು, ಅದು ಅರ್ಧ ಸೆಕೆಂಡೂ ಅಲ್ಲ. ಆದ್ದರಿಂದ ಈಟಿಯಿಂದ ದೂರ ಓಡಬಾರದು, ಈಟಿ ಮೈಗೆ ಬರುವ ಕ್ಷಣದಲ್ಲಿ ಅದರೊಳಗೇ ಉರುಳಬೇಕು. ಈ ಆಟಗಳ ಬಾಸ್‌ಗಳು, ಅಂದರೆ ದೊಡ್ಡ ಎದುರಾಳಿಗಳು, ಆಯುಧವನ್ನು ಎತ್ತಿ ಹಿಡಿದು ಒಂದು ಗಳಿಗೆ ಕಾಯುತ್ತಾರೆ, ಗಾಬರಿಯಲ್ಲಿ ಮೊದಲೇ ಉರುಳಿದವನು ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಇಳಿಸುತ್ತಾರೆ. ಇದು ನ್ಯಾಯವೇ ಎಂದು ನನ್ನನ್ನು ಕೇಳಬೇಡಿ.

ಏಟಿಗೂ ಉರುಳುವುದಕ್ಕೂ ಹಸಿರು ಪಟ್ಟಿಯ ಸ್ಟ್ಯಾಮಿನಾ, ಅಂದರೆ ದಮ್ಮು, ಖರ್ಚಾಗುತ್ತದೆ. ಹೊಸದೇನಲ್ಲ, 1993ರ ‘ಸೀಕ್ರೆಟ್ ಆಫ್ ಮಾನಾ’ದಲ್ಲೂ ಒಂದು ಏಟಿನ ನಂತರ ಅಳತೆ 100ಕ್ಕೆ ತುಂಬುವವರೆಗೆ ಕಾಯದೆ ಹೊಡೆದರೆ ಪೆಟ್ಟು ಸಪ್ಪೆಯಾಗುತ್ತಿತ್ತು.

ತೋಟದಮನೆ_ಶಿರಸಿ

ಇಬ್ಬರಿಗೂ ಧನ್ಯವಾದಗಳು. ತಾಳಮದ್ದಳೆಯ ಹೋಲಿಕೆಯನ್ನು ಮನೆಯಲ್ಲಿ ಓದಿ ಹೇಳಿದೆ, ಅತ್ತಿಗೆಯವರಿಗೂ ಅರ್ಥವಾಯಿತು. ಆದರೆ ಒಂದು ಮಾತು ಮನಸ್ಸಿಗೆ ಹಿಡಿಸಲಿಲ್ಲ. ಇದರ ಪ್ರಕಾರ ನಾನು ಅಷ್ಟು ವರ್ಷ ಆಡಿದ್ದು ಆಟವೇ ಅಲ್ಲ, ದಾಳ ಆಡಿತು, ನಾನು ನೋಡಿದೆ ಎಂದಾಗುವುದಿಲ್ಲವೇ?

ಶರಾವತಿದಡ_ಹೊನ್ನಾವರ (ಉತ್ತರ)

ಆಗುವುದಿಲ್ಲ. ಅಘನಾಶಿನಿಯವರು ಸೋಲ್ಸ್ ಆಟಗಳ ಅಭಿಮಾನಿ ಎಂಬುದು ಅವರ ಬರವಣಿಗೆಯಲ್ಲೇ ತಿಳಿಯುತ್ತದೆ, ನಾನು ಲೂಟ್, ಅಂದರೆ ರಾಕ್ಷಸರು ಸತ್ತಾಗ ಬಿದ್ದ ವಸ್ತು, ಹೆಕ್ಕುವ ಪಂಗಡದವಳು. ಅಂದ ಹಾಗೆ ತಾಳಮದ್ದಳೆಯಲ್ಲಿ ಅರ್ಥಧಾರಿಗೆ ಅಂಕಿಗಳ ಆಸರೆಯಿಲ್ಲ, ಅಲ್ಲಿ ಗೆಲ್ಲುವುದು ಓದು ಮತ್ತು ಸಮಯಸ್ಫೂರ್ತಿ. ಹಾಗಾಗಿ ಆ ಹೋಲಿಕೆಯನ್ನು ಸರದಿಗೆ ಮಾತ್ರ ಒಪ್ಪಬಹುದು, ದಾಳಕ್ಕಲ್ಲ.

ಡಯಾಬ್ಲೋದಲ್ಲಿ ಆಟಗಾರನ ಜಾಣ್ಮೆ ಏಟಿನ ಕ್ಷಣದಲ್ಲಿಲ್ಲ, ಅದಕ್ಕೂ ಮೊದಲು ಕಳೆದ ಗಂಟೆಗಳಲ್ಲಿದೆ. ಎರಡನೆಯ ಆಟ ಪ್ರತಿ ಪಾತ್ರಕ್ಕೂ ಮೂರು ಕವಲುಗಳಲ್ಲಿ 30 ವಿದ್ಯೆಗಳನ್ನು ಕೊಟ್ಟಿತು, ಒಂದೊಂದು ಲೆವೆಲಿಗೆ ಸಿಗುವುದು ಒಂದೇ ಅಂಕ. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚಿದವನು ಮುಂದೆ ನರಳುತ್ತಾನೆ. ಹೆಕ್ಕಿದ ವಸ್ತುಗಳೂ ಹಾಗೆಯೇ: ಸಾಮಾನ್ಯ ಮಾಂತ್ರಿಕ ಕತ್ತಿಗೆ ಹೆಚ್ಚೆಂದರೆ ಹೆಸರಿನ ಮೊದಲು ಸೇರುವ ಒಂದು ಪೂರ್ವಗುಣ, ನಂತರ ಸೇರುವ ಒಂದು ಉತ್ತರಗುಣ; ಹಳದಿ ಹೆಸರಿನ ಅಪರೂಪದ ವಸ್ತುವಿಗೆ ಒಟ್ಟು ಆರರವರೆಗೆ. ಈ ಗುಣಗಳನ್ನು ಯಂತ್ರ ಯಾದೃಚ್ಛಿಕವಾಗಿ ಜೋಡಿಸುವುದರಿಂದಲೇ ಸಾವಿರ ಕತ್ತಿಗಳನ್ನು ಎಸೆದವನೂ ಇನ್ನೊಂದನ್ನು ಎತ್ತಿ ನೋಡದೆ ಹೋಗಲಾರ. ನಾಲ್ಕು ಚೌಕ ಖಾಲಿ ಮಾಡಲು ನೀವು ತಲೆ ಕೆರೆದುಕೊಂಡದ್ದೇ ಆಟ.

ಇದನ್ನು ಕೆಡಿಸಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. ಡಯಾಬ್ಲೋ 3ರಲ್ಲಿ ಹರಾಜು ಕಟ್ಟೆಯೊಂದನ್ನು ತೆರೆದರು, ನಿಜವಾದ ಹಣಕ್ಕೂ ವಸ್ತುಗಳು ಸಿಗತೊಡಗಿದವು. ರಾಕ್ಷಸನನ್ನು ಕೊಂದು ಕತ್ತಿ ಪಡೆಯುವುದಕ್ಕಿಂತ ಕಟ್ಟೆಯಲ್ಲಿ ಕೊಳ್ಳುವುದೇ ಲಾಭವಾದಾಗ ಕೊಲ್ಲುವುದೇಕೆ? 2014ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು. ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ ತಂಡದ 2013ರ ‘ಪಾತ್ ಆಫ್ ಎಕ್ಸೈಲ್’ ಇದಕ್ಕೆ ಚೆಂದದ ಉಪಾಯ ಹೂಡಿತ್ತು. ಅಲ್ಲಿ ಚಿನ್ನದ ನಾಣ್ಯ ಚಲಾವಣೆಯಲ್ಲಿರಲಿಲ್ಲ, ವ್ಯವಹಾರವೆಲ್ಲ ಆಯುಧವನ್ನು ತಿದ್ದಲು ಬಳಸುವ ಗೋಲಗಳಲ್ಲೇ ನಡೆಯುತ್ತಿತ್ತು. ಹಣದಂತೆ ಕೂಡಿಟ್ಟರೆ ಕತ್ತಿ ತಿದ್ದಲಾಗದು, ತಿದ್ದಲು ಬಳಸಿದರೆ ಕೊಳ್ಳಲಾಗದು. ಅಡಿಕೆ ಕೊಟ್ಟು ಅಕ್ಕಿ ತಂದ ಅಜ್ಜಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಎಲ್ಡನ್ ರಿಂಗ್‌ನಲ್ಲಿಯೂ ಅಂಕಿಗಳ ರಾಜ್ಯ ಮುಗಿದಿಲ್ಲ. ಆ ಸವಾರನನ್ನು ಅಲ್ಲೇ ಬಿಟ್ಟು ಬೇರೆ ಕಡೆ ಅಲೆದು, ಕುದುರೆ ಪಡೆದು, ಆಯುಷ್ಯ ಬೆಳೆಸಿಕೊಂಡು ಬಂದರೆ ಅವನೇ ಸಲೀಸು. ಲೆವೆಲ್ ಏರಿಸದೆ ಮೊದಲ ಲೆವೆಲಿನಲ್ಲೇ ಇಡೀ ಆಟ ಮುಗಿಸಿದವರೂ ಇದ್ದಾರೆ, ಅವರು ಬೆರಳಿನಿಂದ ಗೆದ್ದರು. ಎರಡೂ ದಾರಿ ತೆರೆದಿರುವುದರಿಂದಲೇ ಅದಕ್ಕೆ ಆರ್‌ಪಿಜಿ ಎಂಬ ಹೆಸರು ಉಳಿದಿದೆ. 1986ರ ‘ಝೆಲ್ಡಾ’ದಲ್ಲಿ ಅನುಭವದ ಅಂಕಗಳೇ ಇಲ್ಲದ ಕಾರಣ ನಾನು ಅದನ್ನು ಈ ಸಾಲಿನಲ್ಲಿ ಕೂರಿಸುವುದಿಲ್ಲ, ಮರುವರ್ಷ ಬಂದ ಅದರ ಎರಡನೆಯ ಭಾಗಕ್ಕೆ ಅಡ್ಡಿಯಿಲ್ಲ.

ಒಂದು ಕೇಳಬೇಕಿತ್ತು: ನಿಮ್ಮ ವೀರನ ಮೈಮೇಲಿನ ಭಾರ ಎಷ್ಟಿದೆ? ಹೊರಬಲ್ಲ ಭಾರದ ಶೇ. 70 ದಾಟಿದ್ದರೆ ಅವನು ಉರುಳುವುದಿಲ್ಲ, ಮೂಟೆಯಂತೆ ಬೀಳುತ್ತಾನೆ.

ತೋಟದಮನೆ_ಶಿರಸಿ

ನಿನ್ನೆ ರಾತ್ರಿ ನೋಡಿದೆ. ಡಯಾಬ್ಲೋದ ಹಳೆಯ ಚಾಳಿಯಲ್ಲಿ, ಸಿಕ್ಕಿದ್ದನ್ನು ಬಿಡಬಾರದೆಂದು ಎರಡೂ ಕೈಗಳ ಎಲ್ಲ ಜಾಗಗಳಿಗೂ ಕತ್ತಿ, ಈಟಿ, ಮೂರು ಗುರಾಣಿ ತೊಡಿಸಿಟ್ಟಿದ್ದೆ. ಹಿಡಿದು ಹೊಡೆಯದಿದ್ದರೂ ಅವೆಲ್ಲದರ ತೂಕ ಲೆಕ್ಕಕ್ಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ಕತ್ತಿ, ಒಂದು ಗುರಾಣಿ ಇಟ್ಟುಕೊಂಡು ಉಳಿದದ್ದನ್ನು ಕಳಚಿದ ಮೇಲೆ ಆಸಾಮಿ ನಿಜಕ್ಕೂ ಉರುಳಿದ. ಹುಡುಗ ಹೇಳಿದಂತೆ ಬಟನ್ ಬಿಟ್ಟು ಸವಾರನ ಈಟಿಯನ್ನೇ ನೋಡುತ್ತ ಕುಳಿತೆ, ಮೂರನೆಯ ಬಾರಿಗೆ ಅವನ ಆಯುಷ್ಯದ ಪಟ್ಟಿ ಅರ್ಧಕ್ಕಿಂತ ಕೆಳಗಿಳಿಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಆಟ ತಾನಾಗಿಯೇ ಉಳಿದುಕೊಂಡಿರುತ್ತದೆಂದು ಹುಡುಗ ಹೇಳುತ್ತಾನೆ. ಕುದುರೆ ಸಿಗುವುದು ಯಾವ ದಿಕ್ಕಿನಲ್ಲಿ ಎಂದು ಶರಾವತಿದಡದವರು ತಿಳಿಸಿದರೆ ಉಪಕಾರವಾದೀತು, ಅವನನ್ನು ಕೇಳಿದರೆ ಮತ್ತೆ ನಗುತ್ತಾನೆ.

ಶರಾವತಿದಡ_ಹೊನ್ನಾವರ

ಉತ್ತರಕ್ಕೆ ಹೋಗಿ. ಚರ್ಚಿನ ಅವಶೇಷ ದಾಟಿ, ಸೈನಿಕರ ಬಿಡಾರದ ಪಕ್ಕದ ಹೊಂಬೆಳಕಿನ ತಾಣದಲ್ಲಿ ಕುಳಿತುಕೊಳ್ಳಿ, ಒಬ್ಬಳು ಬಂದು ಮಾತಾಡಿಸುತ್ತಾಳೆ. ಅವಳ ಒಪ್ಪಂದಕ್ಕೆ ಹೂಂ ಎಂದರೆ ಕುದುರೆಯೂ ಸಿಗುತ್ತದೆ, ಲೆವೆಲ್ ಏರಿಸುವ ಅನುಕೂಲವೂ ಸಿಗುತ್ತದೆ. ಬಿಡಾರದೊಳಗೆ ಮಾತ್ರ ಹೆಕ್ಕಲು ಹೋಗಬೇಡಿ, ತುತ್ತೂರಿ ಊದುವವನೊಬ್ಬ ಇದ್ದಾನೆ.